ನೀರನ್ನು ಅಳೆದವನ ಹಾಡು

ಸಂಘದ ಹೋದ ಕೂಟದಲ್ಲಿ ಜಾನಿ ಕ್ಯಾಶ್‌ನ ಒಂದು ಹಾಡು ಕೇಳಿಸಿದೆ. ಗೆಳೆಯರೊಬ್ಬರು, “ಇದೇನ್ರೀ, ಊರು ಮುಳುಗ್ತಾ ಇದೆ, ಇವನು ಕುಣಿಯೋ ಹಾಗೆ ಹಾಡ್ತಾನಲ್ಲ!” ಅಂದರು. ಎಲ್ಲರೂ ನಕ್ಕರು. ಆಗ ಉತ್ತರ ಹೊಳೆಯಲಿಲ್ಲ, ಈಗ ಹೇಳುತ್ತೇನೆ.

ಕ್ಯಾಶ್ ಅಮೆರಿಕದ ಅರ್ಕಾನ್ಸಾ ರಾಜ್ಯದ ಹತ್ತಿ ಬೆಳೆಗಾರನ ಮಗ. 1935ರಲ್ಲಿ, ಬಡ ರೈತರಿಗೆಂದು ಸರ್ಕಾರ ಕಟ್ಟಿದ ಡೈಸ್ ಎಂಬ ವಸಾಹತಿಗೆ ಆ ಕುಟುಂಬ ಬಂತು. 1937ರ ಜನವರಿಯಲ್ಲಿ ಅಲ್ಲಿ ನೆರೆ. ಹುಡುಗನಿಗಿನ್ನೂ ಐದು ತುಂಬಿರಲಿಲ್ಲ. ಆ ನೆನಪೇ 1959ರಲ್ಲಿ ‘ಫೈವ್ ಫೀಟ್ ಹೈ ಅಂಡ್ ರೈಸಿಂಗ್’ ಆಯಿತು. ಎರಡು ನಿಮಿಷವೂ ಇಲ್ಲದ ಹಾಡು. ಕಣ್ಣೀರಿಲ್ಲ, ಮೊರೆಯಿಲ್ಲ. ಜೇನುಗೂಡು, ಕೋಳಿ, ಹಸು, ಮತ್ತೆ ನೀರಿನ ಅಳತೆ, ಅಷ್ಟೆ. ಆದರೆ ನೀರು ಒಂದೊಂದು ಅಡಿ ಏರಿದಂತೆ ಶ್ರುತಿಯೂ ಏರುತ್ತದೆ. ಭಯ ಇರುವುದು ಮಾತಿನಲ್ಲಲ್ಲ, ಆ ಏರಿಕೆಯಲ್ಲಿ.

2009ರಲ್ಲಿ ಮಲಪ್ರಭೆ ನಮ್ಮೂರಿಗೆ ನುಗ್ಗಿದಾಗ ನನಗೂ ಐದು ವರ್ಷ. ಅದರ ಮೇಲೆ ಹೋದ ವರ್ಷ ಇದೇ ಪತ್ರಿಕೆಗೆ ಪದ್ಯ ಬರೆದೆ. ‘ಪ್ರಳಯತಾಂಡವ’, ‘ಜಲರಾಕ್ಷಸಿ’ ಎಲ್ಲ ಇದ್ದವು. ನೀವು ಮೆಚ್ಚಿದಿರಿ. ನಿಜ ಹೇಳಲೆ? ಅವತ್ತು ನಾನು ಅಳಲೇ ಇಲ್ಲ. ಅಜ್ಜ ಹೆಗಲ ಮೇಲೆ ಕೂರಿಸಿಕೊಂಡು, “ಗುಡಿ ಮೆಟ್ಟಲ ಎಷ್ಟ ಉಳದಾವ, ಎಣಸಪಾ” ಅಂತಿದ್ದ. ಏಳು... ಆರು... ಐದು. ಆಗಷ್ಟೇ ಎಣಿಕೆ ಕಲಿತವನಿಗೆ ಅದು ಆಟ. ಸಾಲಿ ಸೂಟಿ ಅಂತ ಖುಷಿ ಬೇರೆ! ಒಂದೊಂದು ಮೆಟ್ಟಿಲಿಗೂ ಅಜ್ಜನ ದನಿ ಸಣ್ಣಗಾಗುತ್ತಿದ್ದುದು ಕೇಳಿಸಿದ್ದು ಮಾತ್ರ ಈಗ, ಈ ಹಾಡು ಕೇಳಿದ ಮೇಲೆ. ಆ ಖುಷಿಗೆ ನಾಚಿ ನಾನು ಪದ್ಯದಿಂದ ಅಜ್ಜನನ್ನೇ ಹೊರಗಿಟ್ಟಿದ್ದೆ.

‘ಜನರ ಸಂಕಟವನ್ನು ಆಟ ಮಾಡಬಹುದೇ?’ ಎಂದು ಕೇಳುವಿರಿ. ನೆರೆ ತಂದ ಮೆಕ್ಕಲುಮಣ್ಣಿನಿಂದ ಮರುವರ್ಷ ಹತ್ತಿ ಹುಲುಸಾಗಿ ಬಂತೆಂದು ಕ್ಯಾಶ್ ಮುಂದೆ ಕೇಳುಗರಿಗೆ ಹೇಳುತ್ತಿದ್ದ. ಹಾಡಿನೊಳಗೆ ಆ ಸಮಾಧಾನವನ್ನೂ ತರಲಿಲ್ಲ. ನೀರು ಏರುತ್ತಿರುವಾಗಲೇ ಹಾಡು ನಿಲ್ಲುತ್ತದೆ. ಇದು ಆಟವಲ್ಲ, ಪ್ರಾಮಾಣಿಕತೆ. ಮಗು ಕಂಡಷ್ಟನ್ನೇ ಹೇಳಿ, ಉಳಿದದ್ದನ್ನು ಕೇಳುವವನಿಗೆ ಬಿಡುವ ಧೈರ್ಯ.

ಈ ಮುಂಬಯಿಯಲ್ಲೇ ಹುಟ್ಟಿ ಬೆಳೆದ ಗೆಳೆಯರೆ, 2005ರ ಜುಲೈ 26ರ ಬಗ್ಗೆ ಬರೆಯುವ ಮೊದಲು ನಿಮ್ಮ ತಾಯಿಯನ್ನು ಕೇಳಿ: ನೀರು ಎಲ್ಲಿಯವರೆಗೆ ಬಂದಿತ್ತು? ಮೊಣಕಾಲಿಗೋ, ಗ್ಯಾಸಿನ ಕಟ್ಟೆಗೋ? ಪದ್ಯ ಅಲ್ಲಿಂದ ಶುರುವಾಗಲಿ. ನಾನೂ ನನ್ನ ಹಳೆಯ ಪದ್ಯ ಹರಿದುಹಾಕಿದ್ದೇನೆ. ಮತ್ತೆ ಏಳನೆಯ ಮೆಟ್ಟಿಲಿನಿಂದ ಎಣಿಸಬೇಕು.