ಕೆಟ್ಟ ವರ್ಷದ ಲೆಕ್ಕ

ಕೈಯಲ್ಲಿ ನಾಲ್ಕು ಕಾಸು ಉಳಿದರೆ ಕಂಪ್ಲಿ, ಹೊಸಪೇಟೆ ಕಡೆಯವರು ಮೊದಲು ನೋಡುವುದು ಒಂದು ಸೈಟು. ಅದರಲ್ಲಿ ಎರಡು ಪೋರ್ಷನ್ ಮನೆ, ರಸ್ತೆ ಬದಿಗಿದ್ದರೆ ಮುಂದೆ ಒಂದು ಮಳಿಗೆ. ಕೂತಲ್ಲಿ ಬಾಡಿಗೆ ಬರುತ್ತದೆಂಬ ಆಸೆಯಲ್ಲಿ ತಪ್ಪೇನಿಲ್ಲ. ಆದರೆ ಕೊಳ್ಳುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಬಾಡಿಗೆ ಕೊಡುವವರಿಗೆ ದುಡಿಮೆ ಎಲ್ಲಿಂದ, ಕೆಟ್ಟ ವರ್ಷದಲ್ಲೂ ಅದು ಇರುತ್ತದೆಯೇ?

ಈ ಪ್ರಶ್ನೆಯನ್ನು ಮರೆತರೆ ಏನಾಗುತ್ತದೆಂದು ನಮ್ಮ ಭಾಗ ಕಂಡುಂಡಿದೆ. ಚೀನಾಕ್ಕೆ ಅದಿರು ಹೋಗುತ್ತಿದ್ದ ದಿನಗಳಲ್ಲಿ ಸಂಡೂರು, ಹೊಸಪೇಟೆಗಳಿಗೆ ಲಾರಿಗಳ ಹಿಂದೆ ಜನವೂ ಬಂದರು, ಬಾಡಿಗೆಯೂ ಏರಿತು. ಅದೇ ಶಾಶ್ವತವೆಂದು ಸಾಲ ಮಾಡಿ ಮಹಡಿ ಏರಿಸಿದವರಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಲಾರಿಗಳು ನಿಂತವು, ಬ್ಯಾಂಕಿನ ಕಂತು ನಿಲ್ಲಲಿಲ್ಲ. ಅದೇ ತಿಂಗಳು ಹಂಪಿ ಬಜಾರಿನ ಸಾಲುಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ತೆರವುಗೊಳಿಸಲಾಯಿತು. 2020ರ ಮಾರ್ಚ್‌ನಲ್ಲಿ ನದಿಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳೂ ನೆಲಸಮವಾದವು. ಈ ಎರಡೂ ಕಡೆ ಪ್ರವಾಸಿಗರ ಕೊರತೆಯಿರಲಿಲ್ಲ, ಕಟ್ಟಡಗಳಿಗೆ ಕಾನೂನಿನ ಬಲ ಇರಲಿಲ್ಲ.

ಕಂಪ್ಲಿಯ ಕಥೆ ಬೇರೆ. ಇಲ್ಲಿಯ ಬಾಡಿಗೆ ನಿಂತಿರುವುದು ಭತ್ತದ ಮೇಲೆ. ಕಾಲುವೆಗೆ ಎರಡನೇ ಬೆಳೆಯ ನೀರು ಬಿಡದಿದ್ದರೆ ರೈಸ್‌ಮಿಲ್ಲಿನ ಹಮಾಲಿಯಿಂದ ಗೊಬ್ಬರದ ಅಂಗಡಿಯವರೆಗೆ ಎಲ್ಲರ ಕೈಯೂ ಕಟ್ಟುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಇಲ್ಲಿ ರೈತರಷ್ಟೇ ಕಂಗಾಲಾಗಲಿಲ್ಲ. ನೀರು ಹೆಚ್ಚಾದರೂ ಕಷ್ಟವೇ. ಜಲಾಶಯದಿಂದ ಹೊರಹರಿವು ಏರಿದರೆ ಗಂಗಾವತಿ ಕಡೆಯ ಸೇತುವೆ ಮುಳುಗುತ್ತದೆ, ಕೋಟೆ ಭಾಗದವರಿಗೆ ಆತಂಕ ಶುರುವಾಗುತ್ತದೆ. 2019ರ ಪ್ರವಾಹದಲ್ಲೂ ಸೇತುವೆ ಮುಳುಗಿತ್ತು. ಆದ್ದರಿಂದ ಮನೆ ನೋಡಲು ಹೋಗುವವರು ಆ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತೆಂದು ಬ್ರೋಕರನ್ನು ಬಿಟ್ಟು ಪಕ್ಕದ ಮನೆಯವರನ್ನು ಕೇಳಬೇಕು.

ಇನ್ನು ಲೆಕ್ಕ. ಜಾಗ, ಕಟ್ಟಡ ಸೇರಿ 30 ಲಕ್ಷ ಬಿದ್ದ ಮನೆಗೆ ತಿಂಗಳಿಗೆ 8,000 ಬಾಡಿಗೆ ಎಂದುಕೊಳ್ಳೋಣ. ವರ್ಷಕ್ಕೆ 96,000. ವರ್ಷದಲ್ಲಿ ಒಂದು ತಿಂಗಳು ಖಾಲಿ ಬಿದ್ದರೆ 88,000. ಪುರಸಭೆ ಕಂದಾಯ, ಸುಣ್ಣಬಣ್ಣ, ನಲ್ಲಿ, ಮೋಟಾರು ರಿಪೇರಿಗೆ 13,000 ಹೋದರೆ ಉಳಿಯುವುದು 75,000. ಅಂದರೆ ಹಾಕಿದ ಹಣಕ್ಕೆ ನೂರಕ್ಕೆ ಎರಡೂವರೆ. 20 ಲಕ್ಷ ಸಾಲ ತಂದಿದ್ದರೆ ಈ ಬಾಡಿಗೆ ಬಡ್ಡಿಗೂ ಸಾಲದು. ಹಾಗಾದರೆ ಜನ ಕೊಳ್ಳುವುದೇಕೆ? ನೆಲದ ಬೆಲೆ ಏರುತ್ತದೆಂಬ ಭರವಸೆಯಿಂದ. ಆ ಭರವಸೆ ನಿಜವಾಗಲೂಬಹುದು. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆಗೆ ಜಿಲ್ಲಾ ಕಚೇರಿಗಳು ಬಂದವು; ಬಳ್ಳಾರಿ ಜಿಲ್ಲೆಯಲ್ಲೇ ಉಳಿದ ಕಂಪ್ಲಿಯೂ ಈಗ ತಾಲ್ಲೂಕು ಕೇಂದ್ರ. ಆದರೂ ಜಾಗದ ಬೆಲೆಯ ಮೇಲೆ ಕಟ್ಟಿದ ಬಾಜಿಯ ಭಾರವನ್ನು ಬಾಡಿಗೆದಾರರ ಮೇಲೆ ಹೇರುವುದು ನ್ಯಾಯವಲ್ಲ.

ಕಾಗದಪತ್ರದ ವಿಷಯದಲ್ಲಿ ಸಲಿಗೆ ಬೇಡ. ಗದ್ದೆಗೆ ಕಲ್ಲು ನೆಟ್ಟು ಲೇಔಟ್ ಎಂದು ಮಾರುವವರು ಎಲ್ಲ ಕಡೆ ಇದ್ದಾರೆ. ಎನ್‌.ಎ. (ಕೃಷಿಯೇತರ ಪರಿವರ್ತನೆ) ಆಗಿದೆಯೇ, ಇ-ಖಾತಾ ಇದೆಯೇ, ಇ.ಸಿ.ಯಲ್ಲಿ (ಋಣಭಾರ ಪತ್ರ) ಯಾರ ಹೆಸರಿದೆ, ಹಂಪಿ ಸುತ್ತಮುತ್ತಲಾದರೆ ಅಲ್ಲಿಯ ಪರಂಪರೆ ಪ್ರದೇಶದ ಪ್ರಾಧಿಕಾರದ ಅನುಮತಿ ಸಿಕ್ಕಿದೆಯೇ ಎಂದು ನೋಡದೆ ಮುಂಗಡ ಕೊಡಬಾರದು. ವಿರೂಪಾಪುರ ಗಡ್ಡೆಯ ಪಾಠ ಅದೇ.

ಕೊಂಡ ಮೇಲೆ ನಡೆಸುವುದು ಇನ್ನೂ ದೊಡ್ಡ ಜವಾಬ್ದಾರಿ. ಒಂದು ಸಣ್ಣ ವಿಷಯವನ್ನೇ ನೋಡಿ. ಮೂರು ಪೋರ್ಷನ್‌ಗೆ ಒಂದೇ ಮೀಟರು ಇಟ್ಟು, ಯೂನಿಟ್‌ಗೆ ಇಷ್ಟೆಂದು ತಾವೇ ವಸೂಲಿ ಮಾಡುವ ಮಾಲೀಕರಿದ್ದಾರೆ. 2023ರಲ್ಲಿ ಬಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ಅದಕ್ಕೆ ಮೀಟರಿನ ಆರ್.ಆರ್. ನಂಬರು ಬೇಕು, ಆ ಮನೆಯಲ್ಲಿರುವುದಕ್ಕೆ ದಾಖಲೆ ಬೇಕು. ಪ್ರತಿ ಪೋರ್ಷನ್‌ಗೂ ಜೆಸ್ಕಾಂ ಮೀಟರು ಹಾಕಿಸಿ ಕರಾರು ಬರೆದುಕೊಟ್ಟರೆ ಮಾಲೀಕರ ಗಂಟೇನೂ ಹೋಗುವುದಿಲ್ಲ; ಬಾಡಿಗೆಯ ಸಂಸಾರಕ್ಕೆ ತಿಂಗಳಿಗೆ ನಾಲ್ಕಾರು ನೂರು ರೂಪಾಯಿ ಉಳಿಯುತ್ತದೆ. ಅಂಥ ಮನೆಯನ್ನು ಯಾರೂ ಸುಮ್ಮನೆ ಬಿಟ್ಟುಹೋಗುವುದಿಲ್ಲ. ಮೇಲಿನ ಲೆಕ್ಕದ 8,000 ಬಾಡಿಗೆಗೆ ಐನೂರು ರೂಪಾಯಿ ಹೆಚ್ಚಿಗೆ ಕೇಳಿ ಎರಡು ತಿಂಗಳು ಮನೆ ಖಾಲಿ ಇಟ್ಟವರು ಆ 16,000 ಮರಳಿ ಪಡೆಯಲು ಎರಡೂವರೆ ವರ್ಷಕ್ಕಿಂತ ಹೆಚ್ಚು ಕಾಯಬೇಕು.

ಭೋಗ್ಯಕ್ಕೆ ಕೊಡುವವರು ಇನ್ನೂ ಎಚ್ಚರ ವಹಿಸಬೇಕು. ನಾಲ್ಕು ಲಕ್ಷ ಪಡೆದು ಮೂರು ವರ್ಷಕ್ಕೆ ಮನೆ ಬಿಟ್ಟುಕೊಟ್ಟರೆ ಆ ನಾಲ್ಕು ಲಕ್ಷ ಲಾಭವಲ್ಲ, ತೀರಿಸಬೇಕಾದ ಸಾಲ. ಅದನ್ನು ಇನ್ನೊಂದು ಮಹಡಿಗೆ ಸುರಿದು, ಅವಧಿ ಮುಗಿದಾಗ 'ಬೇರೆಯವರು ಬರಲಿ, ಕೊಡುತ್ತೇನೆ' ಎನ್ನುವುದು ಒಂದು ಬಡ ಸಂಸಾರದ ಗಂಟನ್ನು ಹಿಡಿದಿಟ್ಟುಕೊಂಡಂತೆ.

ಮನೆ ಕೇಳಲು ಬಂದವರನ್ನು ಬಾಗಿಲಲ್ಲೇ 'ನೀವು ಯಾರ ಪೈಕಿ?' ಎಂದು ಕೇಳುವ ರೂಢಿಯೂ ಹೋಗಬೇಕು. ಊರಿಗೆ ವರ್ಗವಾಗಿ ಬಂದ ಶಿಕ್ಷಕಿ, ನರ್ಸು, ಬ್ಯಾಂಕಿನ ಗುಮಾಸ್ತರು ಈ ಒಂದು ಮಾತಿಗೆ ಬೀದಿ ಬೀದಿ ಅಲೆಯುತ್ತಾರೆ. ಇದು ಮನುಷ್ಯತ್ವಕ್ಕೆ ಅವಮಾನ, ಲೆಕ್ಕಕ್ಕೂ ನಷ್ಟ. ತಿಂಗಳು ತಪ್ಪದೆ ಬಾಡಿಗೆ ಕೊಡುವವರನ್ನು ಜಾತಿ ನೋಡಿ ಕಳಿಸಿದವರು ಆಮೇಲೆ ಮನೆ ಖಾಲಿಯೆಂದು ಗೋಳಾಡಬಾರದು.

ಬಾಡಿಗೆಯಿಂದ ಗಳಿಸುವುದು ತಪ್ಪು ಎನ್ನುವವನು ನಾನಲ್ಲ. ಸ್ವಂತ ಮನೆಯಿಲ್ಲದವರಿಗೆ ಸೂರು ಬೇಕು, ಅದನ್ನು ಕಟ್ಟುವವರೂ ಬೇಕು. ಕೆಟ್ಟ ವರ್ಷದ ಬಾಡಿಗೆಯಲ್ಲಿ ಕಂತು ಕಟ್ಟಲಾಗುವಷ್ಟೇ ಸಾಲ ಮಾಡಿದ ಮಾಲೀಕರಿಗೆ, ಬೆಳೆ ಕೈಕೊಟ್ಟಾಗ ಬಾಡಿಗೆದಾರರಿಗೆ ಎರಡು ತಿಂಗಳು ತಾಳಿಕೊಳ್ಳುವ ಶಕ್ತಿ ಇರುತ್ತದೆ. ಒಳ್ಳೆಯ ವರ್ಷವನ್ನೇ ನಂಬಿ ಕೊಂಡವರಿಗೆ, ಮನಸ್ಸಿದ್ದರೂ ಆ ಶಕ್ತಿ ಇರುವುದಿಲ್ಲ. ಬಾಡಿಗೆ ಮನೆಯಲ್ಲಿ ಲೆಕ್ಕದ ಶಿಸ್ತು, ಮನುಷ್ಯರ ಮೇಲಿನ ಕಾಳಜಿ ಒಂದನ್ನು ಬಿಟ್ಟು ಒಂದು ಇರಲಾರವು.