ಟಿಕೆಟ್ ಕೊಳ್ಳದ ನೋಡುಗ

2015ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಗೆ ಒಂದು ಮೊಸಳೆ ಬಂತು. ರಸ್ತೆಯ ನಡುವೆ ನೀರು ನಿಂತ ದೊಡ್ಡ ಗುಂಡಿಯಿತ್ತು. ಅದನ್ನು ಬಳಸಿಕೊಂಡು ಹೋಗುವುದು ಆ ದಾರಿಯ ಜನಕ್ಕೆ ರೂಢಿಯಾಗಿಬಿಟ್ಟಿತ್ತು. ಕಲಾವಿದ ಬಾದಲ್ ನಂಜುಂಡಸ್ವಾಮಿ ಆ ಗುಂಡಿಗೆ ಕೆರೆಯ ಹಸಿರು ಬಣ್ಣ ಕೊಟ್ಟು, ನೀರಿನಲ್ಲಿ ನಿಜಗಾತ್ರದ ಮೊಸಳೆಯೊಂದನ್ನು ಮಲಗಿಸಿದರು. ಅಲ್ಲಿಯವರೆಗೆ ಗುಂಡಿಯನ್ನು ತಪ್ಪಿಸಿಕೊಂಡು ಹೋಗುತ್ತಿದ್ದವರೆಲ್ಲ ಅಂದು ಗಾಡಿ ನಿಲ್ಲಿಸಿ ಅದರ ಅಂಚಿಗೆ ಬಂದು ನಿಂತರು. ಸುದ್ದಿ ಹಬ್ಬಿತು. ರಿಪೇರಿಗೆ ಜನ ಬಂದರು. ಗುಂಡಿಯ ಜೊತೆಗೆ ಕೃತಿಯೂ ಮುಗಿಯಿತು.

ನಂಜುಂಡಸ್ವಾಮಿ ಮೈಸೂರಿನ ಕಾವಾದಲ್ಲಿ, ಅಂದರೆ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜಿನಲ್ಲಿ ಕಲಿತವರು. ಗ್ಯಾಲರಿಯ ಬಿಳಿ ಗೋಡೆಗೆ ಬೇಕಾದ ವಿದ್ಯೆಯೆಲ್ಲ ಕೈಯಲ್ಲಿದ್ದೂ ಅವರು ಬೀದಿಯ ಗಾಯಗಳನ್ನೇ ಕ್ಯಾನ್ವಾಸ್ ಮಾಡಿಕೊಂಡರು. ಮುಚ್ಚಳವಿಲ್ಲದ ಮ್ಯಾನ್‌ಹೋಲ್ ಯಮರಾಯನ ತೆರೆದ ಬಾಯಿಯಾಯಿತು. 2017ರ ಅಕ್ಟೋಬರ್‌ನಲ್ಲಿ ಕಾಮರಾಜ ರಸ್ತೆಯ ಗುಂಡಿಯಲ್ಲಿ ನಟಿ ಸೋನು ಗೌಡ ಮತ್ಸ್ಯಕನ್ಯೆಯಾಗಿ ಕುಳಿತರು. ಹೆಚ್ಚು ಜನ ಕಂಡದ್ದು 2019ರ ಸೆಪ್ಟೆಂಬರ್ ಮೊದಲ ವಾರದ ಕೆಲಸ. ಹೇರೋಹಳ್ಳಿಯ ತುಂಗಾನಗರ ಮುಖ್ಯರಸ್ತೆಯಲ್ಲಿ ರಾತ್ರಿ ಹೊತ್ತು ನಟ ಪೂರ್ಣಚಂದ್ರ ಮೈಸೂರು ಗಗನಯಾತ್ರಿಯ ಉಡುಪು ತೊಟ್ಟು ನಿಧಾನವಾಗಿ ಹೆಜ್ಜೆ ಕೀಳುತ್ತ ನಡೆದರು. ವಿಡಿಯೊದಲ್ಲಿ ಮೊದಲು ಕಾಣುವುದು ಚಂದ್ರನ ಮೇಲ್ಮೈ: ಬೂದು ಮಣ್ಣು, ಕುಳಿಗಳು, ಕುಳಿಯೊಳಗಿನ ನೆರಳು. ಅಷ್ಟರಲ್ಲಿ ಪಕ್ಕದಲ್ಲೇ ಒಂದು ಆಟೋ ಹಾದುಹೋಗುತ್ತದೆ. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿಯಬೇಕಿದ್ದದ್ದು ಅದೇ ಸೆಪ್ಟೆಂಬರ್ 7ರಂದು. ಅದನ್ನು ಕಳಿಸಿದ ಇಸ್ರೊ ಇರುವುದೂ ಇದೇ ಊರಿನಲ್ಲಿ. ಆಕಾಶಕ್ಕೆ ಕೈ ಚಾಚುವ ಜಾಣ್ಮೆ, ನೆಲದ ಮೇಲಿನ ಉಪೇಕ್ಷೆ, ಎರಡೂ ಒಂದೇ ನಗರದವು ಎಂಬುದನ್ನು ಒಂದು ನಿಮಿಷದ ನಡಿಗೆ ಹೇಳಿಬಿಟ್ಟಿತು. ಮರುದಿನವೇ ಪಾಲಿಕೆ ಆ ರಸ್ತೆಯ ಕೆಲಸ ಶುರುಮಾಡಿತು.

ಈ ಕೃತಿಗಳನ್ನು ಹೊಗಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಗುಂಡಿ ಮುಚ್ಚಿಸಿದರು, ಶಭಾಷ್. ಆ ಅಳತೆಯನ್ನು ನಾನು ಒಪ್ಪುವುದಿಲ್ಲ. ಗುಂಡಿ ಮುಚ್ಚಿಸುವುದು ಪಾಲಿಕೆಯ ಎಂಜಿನಿಯರ್‌ನ ಕೆಲಸ. ಕಲಾವಿದ ಮಾಡಿದ್ದು ಬೇರೆ. ದಿನವೂ ಅದೇ ದಾರಿಯಲ್ಲಿ ಓಡಾಡುವವರ ಕಣ್ಣು ಗುಂಡಿಯನ್ನು ನೋಡುವುದನ್ನೇ ಬಿಟ್ಟಿತ್ತು. ಬೆನ್ನಿಗೆ ಗೊತ್ತಿತ್ತು, ಬೈಕಿನ ಹ್ಯಾಂಡಲ್ಲಿಗೆ ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ. ಆ ಕಣ್ಣು ಮತ್ತೆ ತೆರೆಯಿತು. ಎರಡು ಮಳೆಗೆ ರಸ್ತೆ ಮತ್ತೆ ಕಿತ್ತುಹೋಗಬಹುದು. ಆದರೆ ಮೊಸಳೆ ನೋಡಲು ನಿಂತವರು ಪಕ್ಕದವರ ಜೊತೆ ಆಡಿದ ನಾಲ್ಕು ಮಾತು, ಇದು ನಮ್ಮ ಬೀದಿ, ನಾವು ಇಷ್ಟು ಸಹಿಸಿಕೊಂಡೆವಲ್ಲ ಎಂಬ ತಿಳಿವು, ಇವು ಡಾಂಬರಿನ ಲೆಕ್ಕಕ್ಕೆ ಸೇರುವಂಥವಲ್ಲ.

ಕನ್ನಡಕ್ಕೆ ಇದು ತೀರ ಹೊಸದೂ ಅಲ್ಲ. 1975ರಲ್ಲಿ ಹುಟ್ಟಿದ ‘ಸಮುದಾಯ’ ರಂಗತಂಡ ಬಿಹಾರದ ಬೆಲ್ಚಿಯಲ್ಲಿ ನಡೆದ ದಲಿತರ ಹತ್ಯೆಯನ್ನು ಬೀದಿನಾಟಕ ಮಾಡಿ ಊರೂರಿಗೆ ಒಯ್ದಿತು. ರಂಗನಿರ್ದೇಶಕ ಸಿ.ಜಿ.ಕೆ. ಮತ್ತು ಗೆಳೆಯರು ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಕಾರ್ಖಾನೆಯ ಗೇಟಿನಲ್ಲಿ ಕಂಡುಕೊಂಡದ್ದು ಒಂದು ಸತ್ಯ. ಬೀದಿಯ ನೋಡುಗ ನಾಟಕಕ್ಕೆಂದು ಮನೆ ಬಿಟ್ಟವನಲ್ಲ. ಅವನಿಗೆ ಬಸ್ಸಿದೆ, ಪಾಳಿ ಇದೆ, ಕೈಯಲ್ಲಿ ತರಕಾರಿ ಚೀಲವಿದೆ. ರಂಗಮಂದಿರದಲ್ಲಿ ಟಿಕೆಟ್ ಕೊಂಡವನು ಬೇಸರವಾದರೂ ಕೂತಿರುತ್ತಾನೆ, ಬೀದಿಯಲ್ಲಿ ನಿಂತವನು ಬೇಸರವಾದ ಕ್ಷಣ ನಡೆದುಬಿಡುತ್ತಾನೆ. ಪತ್ರಿಕೆ ಮಾಡುವ ನಮಗೂ ಆ ಕಷ್ಟ ಪೂರ್ತಿ ಗೊತ್ತಿಲ್ಲ. ನಮ್ಮ ಓದುಗರು ಪುಟವನ್ನು ತಾವೇ ತೆರೆದವರು. ತೆರೆಯದವನ ಮುಂದೆ ಹೋಗಿ ನಿಲ್ಲುವ ಕಲೆಗೆ ಬೇಕಾದ ನೈತಿಕತೆಯೇ ಬೇರೆ. ನೀನು ನನ್ನನ್ನು ಕರೆದಿಲ್ಲ, ಆದರೂ ನಿನ್ನ ದಾರಿಯಲ್ಲಿ ನಿಂತಿದ್ದೇನೆ ಎಂಬ ಎಚ್ಚರ ಅದಕ್ಕೆ ಪ್ರತಿ ಗಳಿಗೆಯೂ ಇರಬೇಕು.

ಆ ಎಚ್ಚರ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ನ್ಯೂಯಾರ್ಕಿನಲ್ಲಿ ಒಂದು ದೊಡ್ಡ ಉದಾಹರಣೆಯಿದೆ. 1981ರಲ್ಲಿ ಅಲ್ಲಿನ ಫೆಡರಲ್ ಪ್ಲಾಜಾ ಎಂಬ ಸರ್ಕಾರಿ ಕಚೇರಿಗಳ ಅಂಗಳದಲ್ಲಿ ಶಿಲ್ಪಿ ರಿಚರ್ಡ್ ಸೆರಾ ‘ಟಿಲ್ಟೆಡ್ ಆರ್ಕ್’ ನಿಲ್ಲಿಸಿದರು. 120 ಅಡಿ ಉದ್ದ, 12 ಅಡಿ ಎತ್ತರ, ತುಸು ವಾಲಿ ಬಾಗಿದ ಉಕ್ಕಿನ ಗೋಡೆ. ಉಕ್ಕಿಗೆ ಬಣ್ಣವಿಲ್ಲ, ತುಕ್ಕೇ ಅದರ ಮೈಬಣ್ಣ. ನೇರವಾಗಿ ದಾಟುತ್ತಿದ್ದ ಅಂಗಳವನ್ನು ನೌಕರರು ಈಗ ಸುತ್ತಿ ಹೋಗಬೇಕಾಯಿತು. ನಡೆಯುವವರಿಗೆ ತಮ್ಮ ನಡಿಗೆಯ ಅರಿವು ಮೂಡಲಿ, ಅಂಗಳದ ಅನುಭವವೇ ಬದಲಾಗಲಿ ಎಂಬುದು ಸೆರಾ ಅವರ ಉದ್ದೇಶ. ಅರಿವೇನೋ ಮೂಡಿತು, ಸಿಟ್ಟಿನ ಜೊತೆ. ಕೆಲವೇ ತಿಂಗಳಲ್ಲಿ 1,300 ನೌಕರರು ಅದನ್ನು ತೆಗೆಯಿರಿ ಎಂದು ಸಹಿ ಹಾಕಿದರು. 1985ರ ಮಾರ್ಚ್‌ನಲ್ಲಿ ಸಾರ್ವಜನಿಕ ವಿಚಾರಣೆ ನಡೆಯಿತು. ಉಳಿಸಿ ಎಂದವರು 122 ಮಂದಿ, ತೆಗೆಯಿರಿ ಎಂದವರು 58 ಮಂದಿ. ಆದರೂ ತೆಗೆಯುವ ತೀರ್ಮಾನವೇ ಗೆದ್ದಿತು. ಇದು ಈ ಜಾಗಕ್ಕೆಂದೇ ಹುಟ್ಟಿದ ಕೃತಿ, ಇಲ್ಲಿಂದ ಕದಲಿಸಿದರೆ ಸತ್ತಂತೆ ಎಂದು ಸೆರಾ ಕೋರ್ಟಿನಲ್ಲಿ ಹೋರಾಡಿ ಸೋತರು. 1989ರ ಮಾರ್ಚ್ 15ರ ರಾತ್ರಿ ಅದನ್ನು ತುಂಡು ಮಾಡಿ ಸಾಗಿಸಲಾಯಿತು.

ಈ ಪ್ರಕರಣದಲ್ಲಿ ನನ್ನ ಮನಸ್ಸು ಇಂದಿಗೂ ಎರಡು ಕಡೆ ಎಳೆಯುತ್ತದೆ. ಸೆರಾ ದೊಡ್ಡ ಕಲಾವಿದ, ಅವರ ಉಕ್ಕಿನಲ್ಲಿ ನಿಜವಾದ ಗಾಂಭೀರ್ಯವಿತ್ತು. ವಿಚಾರಣೆಯ ಸಂಖ್ಯೆಯನ್ನು ಬದಿಗೊತ್ತಿ ಅಧಿಕಾರಿಗಳು ತೀರ್ಮಾನಿಸಿದ್ದು ಅನ್ಯಾಯವೇ. ಆದರೆ ಊಟದ ಬಿಡುವಿನಲ್ಲಿ ಆ ಅಂಗಳದಲ್ಲಿ ಬಿಸಿಲಿಗೆ ಕೂರುತ್ತಿದ್ದ ಗುಮಾಸ್ತನನ್ನು ಮರೆಯುವುದು ಹೇಗೆ? ಗೋಡೆ ಏಳುವ ಮೊದಲು ಅವನ ಜೊತೆ ಯಾರೂ ಕೂತು ಮಾತಾಡಿರಲಿಲ್ಲ. ಕೃತಿ ಸಂಜೆಗೆ ಮುಗಿಯುವಂಥದ್ದಾದರೆ ಅವನು ಸಹಿಸಿಯಾನು, ಇದು ಅವನು ನಿವೃತ್ತನಾಗುವವರೆಗೂ ಅಲ್ಲೇ ಇರುವ ಗೋಡೆ. ನಂಜುಂಡಸ್ವಾಮಿಯವರ ಮೊಸಳೆ ಹೊಸ ಅಡ್ಡಿಯನ್ನೇನೂ ತರಲಿಲ್ಲ, ಇದ್ದ ಅಡ್ಡಿಯನ್ನು ಎತ್ತಿ ತೋರಿಸಿತು. ಎರಡೂ ದಾರಿಗೆ ಅಡ್ಡ ಮಲಗಿದ್ದವೇ. ನನಗೆ ಮುಖ್ಯವಾಗಿ ಕಾಣುವ ವ್ಯತ್ಯಾಸ ಇಷ್ಟೇ.

ಒಪ್ಪಿಗೆ ಕೇಳುವುದನ್ನೇ ಕಲೆಯಾಗಿ ಮಾಡಿಕೊಂಡವರೂ ಇದ್ದಾರೆ. ಕ್ರಿಸ್ಟೊ ಮತ್ತು ಜೀನ್-ಕ್ಲೋಡ್ ದಂಪತಿಗೆ ಬರ್ಲಿನ್ನಿನ ಸಂಸತ್ ಭವನವಾದ ರೈಕ್‌ಸ್ಟಾಗ್ ಅನ್ನು ಬಟ್ಟೆಯಲ್ಲಿ ಸುತ್ತಬೇಕೆಂಬ ಯೋಚನೆ ಬಂದದ್ದು 1971ರಲ್ಲಿ, ಸುತ್ತಿದ್ದು 1995ರಲ್ಲಿ. ನಡುವಿನ 24 ವರ್ಷ ಅವರು ಮಾಡಿದ್ದು ಒಪ್ಪಿಸುವ ಕೆಲಸ. ಮತ್ತೆ ಮತ್ತೆ ಬೇಡ ಎನ್ನಿಸಿಕೊಂಡರು. ಸಂಸದರ ಕೋಣೆಗಳಿಗೆ ಒಬ್ಬೊಬ್ಬರಾಗಿ ಹೋಗಿ ವಿವರಿಸಿದರು. 1994ರ ಫೆಬ್ರವರಿ 25ರಂದು ಜರ್ಮನ್ ಸಂಸತ್ತು ಒಂದು ಕಲಾಕೃತಿಯ ಮೇಲೆ ಚರ್ಚೆ ನಡೆಸಿ ಮತ ಹಾಕಿತು. ಪರವಾಗಿ 292, ವಿರುದ್ಧ 223. ಚಾನ್ಸಲರ್ ಹೆಲ್ಮುಟ್ ಕೋಲ್ ಅವರೇ ವಿರುದ್ಧವಿದ್ದರು. ಮರುವರ್ಷ ಒಂದು ಲಕ್ಷ ಚದರ ಮೀಟರಿಗೂ ಹೆಚ್ಚು ಬೆಳ್ಳಿಬಣ್ಣದ ಬಟ್ಟೆ ಆ ಕಟ್ಟಡವನ್ನು ಎರಡು ವಾರ ಹೊದ್ದಿತು. ಟಿಕೆಟ್ ಇರಲಿಲ್ಲ, ಪ್ರಾಯೋಜಕರಿರಲಿಲ್ಲ. ತಮ್ಮ ರೇಖಾಚಿತ್ರಗಳನ್ನು ಮಾರಿ ಬಂದ ಹಣದಲ್ಲೇ ಅವರು ಖರ್ಚು ತೂಗಿಸಿದರು. ಐವತ್ತು ಲಕ್ಷ ಜನ ಬಂದು ನೋಡಿದರು. ಅಷ್ಟು ವರ್ಷಗಳ ವಾದ, ಪತ್ರ, ನಿರಾಕರಣೆ, ಮತದಾನ ಎಲ್ಲವೂ ಕೃತಿಯ ಭಾಗವೇ ಎಂಬುದು ಆ ಇಬ್ಬರ ನಿಲುವಾಗಿತ್ತು. ಬಟ್ಟೆ ಬಿಚ್ಚಿದ ಮೇಲೆ ಉಳಿದದ್ದು ಅದೇ ಅಲ್ಲವೆ: ಒಂದು ದೇಶ ತನ್ನ ಚರಿತ್ರೆಯ ಕಹಿ ಕಟ್ಟಡವೊಂದರ ಬಗ್ಗೆ ಕೂತು ಮಾತಾಡಿದ್ದು.

ಲಂಡನ್ನಿನ ಪೂರ್ವಭಾಗದಲ್ಲಿ ರೇಚಲ್ ವೈಟ್‌ರೀಡ್ 1993ರಲ್ಲಿ ಮಾಡಿದ ‘ಹೌಸ್’ ಇದಕ್ಕಿಂತ ಬಡ ಬೀದಿಯ ಕೃತಿ. ಕೆಡವಲು ಗುರುತಿಸಿದ್ದ ಹಳೆಯ ಸಾಲುಮನೆಗಳಲ್ಲಿ ಕೊನೆಗುಳಿದ ಒಂದರೊಳಗೆಲ್ಲ ಕಾಂಕ್ರೀಟ್ ಸಿಂಪಡಿಸಿ, ಅದು ಗಟ್ಟಿಯಾದ ಮೇಲೆ ಹೊರಗಿನ ಗೋಡೆಗಳನ್ನು ಕಿತ್ತರು. ಕೋಣೆಗಳ ಒಳಗಿನ ಬರಿದೇ ಹೊರಬಂದು ನಿಂತಿತು. ಒಲೆಯ ಗೂಡು ಉಬ್ಬಾಗಿ, ಕಿಟಕಿಯ ಜಾಗ ಅಚ್ಚಾಗಿ ಕಾಣುತ್ತಿತ್ತು. ಯಾರೋ ಅದರ ಮೈಮೇಲೆ ‘ಯಾಕಿದು?’ ಎಂದು ಬರೆದರು. ಇನ್ಯಾರೋ ‘ಯಾಕಾಗಬಾರದು?’ ಎಂದು ಬರೆದರು. ಆ ಕೃತಿಯ ಬಗ್ಗೆ ಬಂದ ವಿಮರ್ಶೆಗಳಲ್ಲಿ ಈ ಎರಡು ಸಾಲನ್ನು ನಾನು ಮುಂದಿಡುತ್ತೇನೆ. ವೈಟ್‌ರೀಡ್‌ಗೆ ಟರ್ನರ್ ಪ್ರಶಸ್ತಿ ಬಂದ ದಿನವೇ ಸ್ಥಳೀಯ ಕೌನ್ಸಿಲ್ ಅದನ್ನು ಕೆಡವಲು ಮತ ಹಾಕಿತು. 1994ರ ಜನವರಿಯಲ್ಲಿ ಅದು ನೆಲಸಮವಾಯಿತು. ಹೊಸ ಅಪಾರ್ಟ್‌ಮೆಂಟಿಗಾಗಿ ಹಳೆಯ ಮನೆಗಳು ದಿನವೂ ಬೀಳುತ್ತಿರುವ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಓಡಾಡುವವರಿಗೆ ಆ ಕಾಂಕ್ರೀಟ್ ಮನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನಿಂತು ನೋಡಿ ಎನ್ನುವ ಮೊದಲು, ಬೀದಿಯಲ್ಲಿ ನಿಲ್ಲುವ ಸ್ವಾತಂತ್ರ್ಯ ಯಾರಿಗಿದೆ ಎಂದೂ ಕೇಳಬೇಕು. ಗಂಡಸು ಕಂಬಕ್ಕೊರಗಿ ಅರ್ಧ ಗಂಟೆ ನಿಂತರೆ ಯಾರೂ ತಿರುಗಿ ನೋಡುವುದಿಲ್ಲ. ಹೆಣ್ಣು ಐದು ನಿಮಿಷ ನಿಂತರೆ ಯಾರಿಗಾಗಿ ಕಾಯುತ್ತಿದ್ದೀ ಎಂದು ನೋಟಗಳೇ ಕೇಳುತ್ತವೆ. ಬೆಂಗಳೂರಿನಲ್ಲಿ ಓದುತ್ತಿದ್ದಾಗ, 2003ರಲ್ಲಿ, ಜಸ್ಮೀನ್ ಪತೇಜಾ ಶುರುಮಾಡಿದ ‘ಬ್ಲ್ಯಾಂಕ್ ನಾಯ್ಸ್’ ಕಲಾಯೋಜನೆ ಈ ಪ್ರಶ್ನೆಯಿಂದಲೇ ಬೆಳೆಯಿತು. ಅದರ ಒಂದು ಕೆಲಸದಲ್ಲಿ ಹೆಂಗಸರು ಉದ್ಯಾನದಲ್ಲಿ ಒಟ್ಟಿಗೆ ಸೇರಿ, ಚಾಪೆ ಹಾಸಿ, ಮಲಗಿ ನಿದ್ದೆ ಮಾಡುತ್ತಾರೆ. ಅಷ್ಟೇ. ಉಕ್ಕಿಲ್ಲ, ಕಾಂಕ್ರೀಟಿಲ್ಲ, ಬಣ್ಣವಿಲ್ಲ. ಮಧ್ಯಾಹ್ನದ ನೆರಳಲ್ಲಿ ಗಂಡಸರು ದಿನವೂ ಮಾಡುವ ಕೆಲಸವನ್ನೇ ಹೆಂಗಸರು ಮಾಡಿದಾಗ ಇಡೀ ಉದ್ಯಾನದ ಅರ್ಥ ಬದಲಾಗುತ್ತದೆ. ನಗರದ ಜಾಗವನ್ನು ಇದಕ್ಕಿಂತ ಆಳವಾಗಿ ಬದಲಿಸಿದ ಪ್ರಯೋಗ ನಮ್ಮಲ್ಲಿ ಇನ್ನೊಂದಿದೆ ಎಂದು ನನಗನಿಸುವುದಿಲ್ಲ.

ಬೀದಿಯಲ್ಲೇ ಇದ್ದೂ ಯಾರ ಕಣ್ಣಿಗೂ ಬೀಳದವರ ಕಡೆಗೆ ಕಲೆ ಹೋದದ್ದೂ ಉಂಟು. ಕಲಾವಿದೆ ಮಿಯರ್ಲ್ ಲೇಡರ್‌ಮನ್ ಯುಕೆಲಿಸ್ 1979ರ ಜುಲೈಯಿಂದ ಸುಮಾರು 11 ತಿಂಗಳು ನ್ಯೂಯಾರ್ಕ್ ನಗರವೆಲ್ಲ ತಿರುಗಿ 8,500 ಪೌರಕಾರ್ಮಿಕರ ಕೈ ಕುಲುಕಿದರು. ಈ ನಗರವನ್ನು ಜೀವಂತ ಇಟ್ಟಿದ್ದಕ್ಕೆ ನಿಮಗೆ ಧನ್ಯವಾದ ಎಂದು ಒಬ್ಬೊಬ್ಬರಿಗೂ ಹೇಳಿದರು. ನಸುಕಿನಲ್ಲಿ ನಮ್ಮ ಬೀದಿ ಗುಡಿಸುವ ಹೆಂಗಸರನ್ನು ನೆನೆದಾಗ ಈ ಕೃತಿ ನನ್ನ ಎದೆಗೆ ತಾಕುತ್ತದೆ. ಅವರ ಪೈಕಿ ಎಷ್ಟು ಜನರ ಹೆಸರು ಆ ಬೀದಿಯ ನಿವಾಸಿಗಳಿಗೆ ಗೊತ್ತು?

ಇವುಗಳ ಎದುರು ನಮ್ಮ ನಗರಗಳು ಈಗ ಉತ್ಸಾಹದಿಂದ ಮಾಡುತ್ತಿರುವುದನ್ನು ಇಟ್ಟು ನೋಡಿದರೆ ಸಂಕಟವಾಗುತ್ತದೆ. ಊರಿನ ಹೆಸರಿನ ದೊಡ್ಡ ಅಕ್ಷರಗಳು, ಅವುಗಳ ಮುಂದೆ ಫೋಟೊಗೆ ಸಾಲು. ಅದು ಯಾರಿಗೂ ತೊಂದರೆ ಕೊಡುವುದಿಲ್ಲ ನಿಜ, ಏನನ್ನೂ ಕೇಳುವುದೂ ಇಲ್ಲ. ಅಲ್ಲಿ ಜನ ತಮ್ಮ ಮುಖವನ್ನು ನೋಡಿಕೊಳ್ಳುತ್ತಾರೆ, ಊರಿಗೆ ಬೆನ್ನು ಮಾಡಿ. ಹಿಂದೊಮ್ಮೆ ಬೆಂಗಳೂರು ಪಾಲಿಕೆ ಕಾಂಪೌಂಡ್ ಗೋಡೆಗಳ ಮೇಲೆ ಹಂಪಿಯ ರಥ, ಮೈಸೂರು ಅರಮನೆಗಳನ್ನು ಬರೆಸಿತ್ತು. ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರಿಗೆ ಅದರಿಂದ ನಾಲ್ಕು ಕಾಸು ಸಿಕ್ಕಿತು, ಅದಕ್ಕಾಗಿ ನನಗೆ ಸಂತೋಷವಿದೆ. ಆದರೆ ಅವರ ಕೈಯಲ್ಲಿ ಅವರದೇ ಬೀದಿಯನ್ನು ಬರೆಸಬಹುದಿತ್ತು. ಬೆಂಗಳೂರಿನ ಸೃಷ್ಟಿ ಕಲಾ ಸಂಸ್ಥೆಯ ವಿದ್ಯಾರ್ಥಿಗಳು ಪೀಣ್ಯ ಮತ್ತು ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣಗಳಲ್ಲಿ ಮಾಡಿದ ಕೆಲಸ ಆ ದಿಕ್ಕಿನಲ್ಲಿ ಒಳ್ಳೆಯ ಹೆಜ್ಜೆ.

ಇನ್ನು ದಾರಿಹೋಕನನ್ನು ಕೇಳದೆ ಅವನ ಕಣ್ಣಮುಂದೆ ನಿಲ್ಲುವುದರಲ್ಲಿ ನಮ್ಮ ರಾಜಕಾರಣಿಗಳ ಹುಟ್ಟುಹಬ್ಬದ ಫ್ಲೆಕ್ಸನ್ನು ಮೀರಿಸಿದ್ದು ಯಾವುದಿದೆ? 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ತರಾಟೆಗೆ ತೆಗೆದುಕೊಂಡ ಮೇಲೆ ಬೆಂಗಳೂರಿನಲ್ಲಿ ಅವು ಇಳಿದವು. ಮುಚ್ಚಿಹೋಗಿದ್ದ ಮರ, ಕಟ್ಟಡ, ಆಕಾಶ ಮತ್ತೆ ಕಂಡವು. ಕಲಾವಿದನಿಗೆ ಪರವಾನಗಿಯ ನೂರು ಕಾಗದ ಕೇಳುವ ಕಚೇರಿಗಳು ಫ್ಲೆಕ್ಸ್ ಕಟ್ಟುವವನಿಗೂ ಅಷ್ಟೇ ಬಿಗಿಯಾಗಿರಬೇಕು. ಹಾಗೆಯೇ ಪ್ರತಿ ಪಾಲಿಕೆ, ಪುರಸಭೆ ಒಂದು ವೃತ್ತವನ್ನೋ ಒಂದು ಪಾದಚಾರಿ ಮಾರ್ಗವನ್ನೋ ವರ್ಷದಲ್ಲಿ ಕೆಲವು ವಾರ ಕಲಾವಿದರಿಗೆ ಬಿಟ್ಟುಕೊಡಲಿ. ಕೃತಿ ಏಳುವ ಮೊದಲು ಅಲ್ಲಿನ ಹೂವಿನವರು, ಆಟೋದವರು, ಶಾಲೆಯ ಮಕ್ಕಳು ಕೂತು ಮಾತಾಡುವ ಒಂದು ಸಂಜೆ ಇರಲಿ. ಬೇಡ ಎಂದರೆ ಬೇಡ ಎಂಬುದಕ್ಕೂ ಬೆಲೆ ಇರಲಿ.

ಈ ಪತ್ರಿಕೆಯಿಂದ ಆಗಬಹುದಾದದ್ದು ಒಂದಿದೆ. ಬೀದಿಯ ಕಲೆಯ ಬಗ್ಗೆ ಕಲಾವಿಮರ್ಶಕರ ಬರಹಗಳು ನಮಗೆ ಬರುತ್ತವೆ, ನಿಂತು ನೋಡಿದವರ ಮಾತು ಬರುವುದಿಲ್ಲ. ಹುಬ್ಬಳ್ಳಿ, ಮಂಗಳೂರು, ಕಲಬುರಗಿ, ನಿಮ್ಮ ಊರು ಯಾವುದೇ ಇರಲಿ, ಅಲ್ಲಿನ ದಾರಿಯಲ್ಲಿ ಇಂಥದ್ದೊಂದು ಎದುರಾಗಿ ನಿಮ್ಮನ್ನು ತಡೆದು ನಿಲ್ಲಿಸಿದ್ದರೆ ಬರೆದು ಕಳಿಸಿ. ನಿಮ್ಮ ಪಕ್ಕದಲ್ಲಿ ನಿಂತಿದ್ದವರನ್ನೂ ಮಾತಾಡಿಸಿ. ಅವರಿಗೆ ಇಷ್ಟವಾಗದಿದ್ದರೆ ಅದನ್ನು ತಿದ್ದದೆ ಹಾಗೆಯೇ ಬರೆಯಿರಿ, ಅವರ ಊರಿನ ಕನ್ನಡದಲ್ಲೇ. ಹೆಸರು ಹಾಕಬೇಕೋ ಬೇಡವೋ ಎಂದು ಮಾತ್ರ ಅವರನ್ನೇ ಕೇಳಿ.