ಹೊಲದಲ್ಲಿ ಉಳಿದ ಅಸ್ತ್ರ

ಮುಂಗಾರಿನ ಹದಮಳೆ ಬಿದ್ದೊಡನೆ ಹಿರೇಗುಂಟನೂರು ಸೀಮೆಯ ರೈತನು ಕೂರಿಗೆ ಹೂಡುತ್ತಾನೆ. ಬಿತ್ತಿದ್ದು ಮೊಳೆಯದಿದ್ದರೆ ಅವನಿಗೆ ನಷ್ಟವುಂಟು. ಆದರೆ ಮೊಳೆಯದ ಬೀಜವು ಯಾರ ಪ್ರಾಣವನ್ನೂ ತೆಗೆಯುವುದಿಲ್ಲ. ಆಧುನಿಕ ಯುದ್ಧವು ಬಿತ್ತುವ ಬೀಜದ ಸಂಗತಿಯೇ ಬೇರೆ. ಕ್ಲಸ್ಟರ್ ಬಾಂಬು ಎಂಬ ಅಸ್ತ್ರವು ಆಕಾಶದಲ್ಲಿ ಬಾಯ್ದೆರೆದು, ಗೊಂಚಲಿನಿಂದ ಕಾಯಿಗಳು ಉದುರುವಂತೆ, ಹತ್ತಾರು, ಕೆಲವೊಮ್ಮೆ ನೂರಾರು ಮರಿಬಾಂಬುಗಳನ್ನು ಹಲವು ಎಕರೆಗಳ ಮೇಲೆ ಚೆಲ್ಲುತ್ತದೆ. ಅವುಗಳಲ್ಲೊಂದು ಪಾಲು ಬಿದ್ದಾಗ ಸಿಡಿಯದೆ ಮಣ್ಣಿನಲ್ಲಿ ಅಡಗಿಬಿಡುತ್ತದೆ. ಸಂಧಿಪತ್ರಕ್ಕೆ ರುಜು ಬಿದ್ದ ವಾರ್ತೆ ಅವಕ್ಕೆ ತಲುಪುವುದಿಲ್ಲ.

ಲಾವೋಸ್ ದೇಶವು ಇದಕ್ಕೆ ಸಾಕ್ಷಿ. 1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಅಲ್ಲಿ 27 ಕೋಟಿಗೂ ಮಿಕ್ಕಿ ಮರಿಬಾಂಬುಗಳನ್ನು ಸುರಿದವು. ಸುಮಾರು 8 ಕೋಟಿ ಸಿಡಿಯದೆ ಉಳಿದವೆಂಬುದು ಅಂದಾಜು. ಯುದ್ಧ ನಿಂತ ಮೇಲೆ ಅಲ್ಲಿ ಸತ್ತವರು, ಅಂಗಹೀನರಾದವರು 20,000ಕ್ಕೂ ಅಧಿಕ. ಅವರಲ್ಲಿ ಗದ್ದೆ ಅಗೆಯುವ ಒಕ್ಕಲಿಗರಿದ್ದಾರೆ, ಚೆಂಡೆಂದು ಬಗೆದು ಕೈಗೆತ್ತಿಕೊಂಡ ಎಳೆಯರಿದ್ದಾರೆ. ಕಂಡ ಲೋಹವನ್ನು ಮುಟ್ಟಬಾರದೆಂಬುದು ಆ ನಾಡಿನ ಶಾಲೆಗಳಲ್ಲಿ ಅಕ್ಷರದೊಡನೆ ಕಲಿಸುವ ಪಾಠವಾಗಿದೆ.

ಹೂತುಹೋದ ಅಸ್ತ್ರವು ಕನ್ನಡ ನಾಡಿಗೇನೂ ಹೊಸತಲ್ಲ. ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯೊಂದರಲ್ಲಿ 2018ರಲ್ಲಿ ಟಿಪ್ಪುವಿನ ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ದೊರೆತವು. ಇಂದು ಅವು ನೋಡುವವರ ಕೌತುಕಕ್ಕೆ ವಸ್ತು. ಹೈದರಾಲಿಯು 1779ರಲ್ಲಿ ಚಿತ್ರದುರ್ಗವನ್ನು ಗೆದ್ದುಕೊಂಡನು; ಆ ಕದನವೂ ಕ್ರೂರವಾದುದೇ. ಆದರೆ ಅದರ ಗುಂಡು ಈಗ ಯಾವ ಕುರಿಗಾಹಿಯನ್ನೂ ಕೊಲ್ಲದು.

ಕುರುಕ್ಷೇತ್ರದಲ್ಲಿ ಕೊಲ್ಲದ ವೀರನಾರು? ಆದರೂ ಕೊಳೆತ ಗಾಯದೊಡನೆ ಯುಗಯುಗ ಅಲೆಯುವ ಶಾಪ ತಟ್ಟಿದ್ದು ಅಶ್ವತ್ಥಾಮನಿಗೆ. ಯುದ್ಧ ಮುಗಿದ ಮೇಲೆ ಇನ್ನೂ ಹುಟ್ಟದ ಶಿಶುವಿನ ಕಡೆಗೆ ಅಸ್ತ್ರವನ್ನು ತಿರುಗಿಸಿದವನಿಗೆ. 1973ರಲ್ಲಿ ಬಿದ್ದ ಬಾಂಬು 1990ರಲ್ಲಿ ಹುಟ್ಟಿದ ಮಗುವನ್ನು ಕೊಂದರೆ ಅದನ್ನು ಬೇರೆ ಯಾವ ಹೆಸರಿನಿಂದ ಕರೆಯಬೇಕು?

ಈ ಅಸ್ತ್ರವನ್ನು ನಿಷೇಧಿಸುವ ಒಪ್ಪಂದವು 2008ರಲ್ಲಿ ಡಬ್ಲಿನ್ ನಗರದಲ್ಲಿ ಸಿದ್ಧವಾಗಿ 2010ರ ಆಗಸ್ಟ್ 1ರಂದು ಜಾರಿಗೆ ಬಂದಿತು. 100ಕ್ಕೂ ಹೆಚ್ಚು ರಾಷ್ಟ್ರಗಳು ಅದನ್ನು ಅಂಗೀಕರಿಸಿವೆ. ಅಮೆರಿಕ, ರಷ್ಯಾ, ಚೀನಾ, ಪಾಕಿಸ್ತಾನಗಳು ಹೊರಗುಳಿದಿವೆ, ಭಾರತವೂ ಹೊರಗಿದೆ. 2022ರಲ್ಲಿ ತೊಡಗಿದ ಉಕ್ರೇನ್ ಯುದ್ಧದಲ್ಲಿ ಎರಡೂ ಪಕ್ಷಗಳು ಇದನ್ನು ಬಳಸಿದವು. ನೆರೆಯ ಭಯದಿಂದ ಲಿಥುವೇನಿಯಾವು 2025ರಲ್ಲಿ ಒಪ್ಪಂದದಿಂದಲೇ ಹೊರನಡೆಯಿತು.

ಶತ್ರುವಿನ ಟ್ಯಾಂಕುಗಳ ಸಾಲನ್ನು ತಡೆಯಲು ಇದು ಬೇಕೆಂದೂ, ಹೊಸ ಮಾದರಿಯಲ್ಲಿ ಸಿಡಿಯದೆ ಉಳಿಯುವುವು ಅತ್ಯಲ್ಪವೆಂದೂ ಸೇನಾತಜ್ಞರು ವಾದಿಸುತ್ತಾರೆ. ಮೊದಲನೆಯ ಮಾತನ್ನು ಹಗುರವಾಗಿ ತಳ್ಳುವಂತಿಲ್ಲ. ಎರಡನೆಯದನ್ನು ನಂಬುವುದು ಕಷ್ಟ: ಗಟ್ಟಿನೆಲದ ಪರೀಕ್ಷೆಯಲ್ಲಿ ಸಿಡಿಯುವುದು ಉತ್ತ ಹೊಲದ ಮೆತ್ತನೆಯ ಮಣ್ಣಿನಲ್ಲಿ, ಕೆಸರಿನಲ್ಲಿ, ಮರದ ಕೊಂಬೆಯಲ್ಲಿ ಸಿಡಿಯದೆ ನಿಲ್ಲುತ್ತದೆ. ಗಡಿ ಕಾಯುವವರಿಗೆ ಆಯುಧ ಬೇಡವೆಂದು ಯಾರೂ ಹೇಳಲಾರರು. ಈ ಒಂದನ್ನು ಮಾತ್ರ ಭಾರತವು ತಾನಾಗಿ ತೊರೆದು ರುಜು ಹಾಕುವುದು ಯುಕ್ತ. ಒಳನುಗ್ಗಿದ ವೈರಿಯ ಮೇಲೆ ಇದನ್ನು ಸುರಿದರೆ ಅದು ಬೀಳುವುದು ಭಾರತದ ಹೊಲಗಳ ಮೇಲೆಯೇ. ಮರುವರ್ಷದ ಮಳೆಗೆ ಅಲ್ಲಿ ನೇಗಿಲು ಹೂಡಬೇಕಾದವನೂ ಇಲ್ಲಿಯ ರೈತನೇ.